ಅನ್ನ ಹಾಕುವ ಕೈಗೆ ಲೆಕ್ಕವೂ ಬರಲಿ

ಮಕ್ಕಳೇ, ಬೀದಿ ಬೆಕ್ಕುಗಳಿಗೆ ಏನಾದರೂ ಮಾಡಬೇಕೆಂದು ನೀವೊಂದಷ್ಟು ಜನ ಸೇರಿಕೊಂಡಿದ್ದೀರಿ, ಗುಂಪಿಗೆ ಹೆಸರು ಹುಡುಕುತ್ತಿದ್ದೀರಿ ಅಂತ ಕೇಳಿದೆ. ಹೆಸರು ಆಮೇಲೆ ಇಡಿ. ಮೊದಲು ಒಂದು ಇನ್ನೂರು ಪುಟದ ನೋಟ್‌ಬುಕ್ ತನ್ನಿ. ದನದ ಆಸ್ಪತ್ರೆಯಲ್ಲಿ ಕಾಂಪೌಂಡರಾಗಿದ್ದು ತಲೆ ನರೆಸಿಕೊಂಡವನು ನಾನು. ಮೂಕಪ್ರಾಣಿ ಕಂಡರೆ ಕಣ್ಣೀರು ಹಾಕುವವರನ್ನು ಬೇಕಾದಷ್ಟು ನೋಡಿದ್ದೇನೆ. ಯಾವ ಪ್ರಾಣಿಗೆ ಯಾವತ್ತು ಏನಾಯಿತು ಅಂತ ಬರೆದಿಟ್ಟವರನ್ನು ನೋಡಿದ್ದು ಕಡಿಮೆ. ನೀವು ಹಿಂದೂಪುರದವರು, ಮಂಡಿ ಊರಿನ ಮಕ್ಕಳು. ಖಾತೆ ಬರೆಯದ ಅಂಗಡಿ ಎಷ್ಟು ದಿನ ನಡೆಯುತ್ತದೆ ಅಂತ ನಿಮಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಈ ಕೆಲಸವೂ ಹಾಗೆಯೇ.

ನಮ್ಮೂರಲ್ಲಿ ಬೆಕ್ಕು ಯಾಕಿಷ್ಟು ಅನ್ನುವುದನ್ನು ಮೊದಲು ತಿಳಿದುಕೊಳ್ಳಿ. ಹುಣಸೆಹಣ್ಣು, ಬೆಲ್ಲ, ಮೆಣಸಿನಕಾಯಿ ರಾಶಿ ಬೀಳುವ ಊರು ಇದು. ಮೂಟೆ ಇರುವ ಕಡೆ ಇಲಿ, ಇಲಿ ಇರುವ ಕಡೆ ಬೆಕ್ಕು. ಸುತ್ತಲ ಹಳ್ಳಿಗಳಲ್ಲಿ ರೇಷ್ಮೆ ಹುಳು ಸಾಕುವವರ ಮನೆಗೆ ಹೋಗಿ ನೋಡಿ. ಹುಳು ಹಣ್ಣಾಗುವ ಹೊತ್ತಿಗೆ ಇಲಿ ಒಂದು ರಾತ್ರಿ ತಟ್ಟೆಗೆ ನುಗ್ಗಿದರೆ ನಷ್ಟ ಎಷ್ಟೆಂದು ಅವರೇ ಹೇಳುತ್ತಾರೆ. ಕಲ್ಯಾಣದುರ್ಗದ ಕಡೆ ಕಡಲೆಕಾಯಿ ಗೋದಾಮುಗಳ ಕಥೆಯೂ ಅದೇ. ಅಂದರೆ ಈ ಬೆಕ್ಕುಗಳು ಎಲ್ಲಿಂದಲೋ ಬಂದು ತಳವೂರಿದವಲ್ಲ, ನಮ್ಮ ಕಸುಬೇ ಕರೆಸಿಕೊಂಡವು. ಪೆನುಕೊಂಡ ಇಲ್ಲೇ ಪಕ್ಕದಲ್ಲಿದೆ, ವಿಜಯನಗರದ ಅರಸರು ಬಂದು ಇರುತ್ತಿದ್ದ ಊರು. ಅವರ ಆಸ್ಥಾನದ ತೆನಾಲಿ ರಾಮಕೃಷ್ಣನ ಬೆಕ್ಕಿನ ಕಥೆ ನಿಮಗೆ ಕನ್ನಡದಲ್ಲೂ ಗೊತ್ತು, ತೆಲುಗಿನಲ್ಲೂ ಗೊತ್ತು. ಬಿಸಿ ಹಾಲಿಗೆ ಬಾಯಿ ಸುಟ್ಟುಕೊಂಡ ಬೆಕ್ಕು ಹಾಲು ಕಂಡರೆ ಓಡುವಾಗ ಎಲ್ಲರೂ ನಗುತ್ತಾರೆ. ನನಗೆ ಹಿಡಿಸುವುದು ಅದಕ್ಕಿಂತ ಮೊದಲಿನ ಭಾಗ. ಇಲಿ ಕಾಟಕ್ಕೆ ಅಂತ ರಾಯ ಮನೆಮನೆಗೂ ಬೆಕ್ಕು ಕೊಟ್ಟ, ಬೆಕ್ಕಿನ ಹಾಲಿಗೆ ಅಂತ ಹಸುವನ್ನೂ ಕೊಟ್ಟ. ಕೆಲಸ ಮಾಡಿಸಿಕೊಂಡರೆ ಖರ್ಚೂ ನಮ್ಮದೇ ಅನ್ನುವ ನ್ಯಾಯ ಆ ಕಥೆಯಲ್ಲಿದೆ. ಮಂಡಿ ಸಾಹುಕಾರರ ಹತ್ತಿರ ಚಂದಾ ಕೇಳಲು ಹೋದಾಗ ಇದನ್ನು ನೆನಪಿಸಿ.

ಈಗ ಲೆಕ್ಕಕ್ಕೆ ಬನ್ನಿ. ಹೆಣ್ಣು ಬೆಕ್ಕು ನಾಲ್ಕೈದು ತಿಂಗಳಿಗೇ ಬೆದೆಗೆ ಬರಬಹುದು. ಗಬ್ಬದ ಕಾಲ ಒಂಬತ್ತು ವಾರ. ಒಂದು ಸೂಲಿಗೆ ಸಾಮಾನ್ಯವಾಗಿ ಮೂರರಿಂದ ಐದು ಮರಿ. ಮರಿಗೆ ಹಾಲೂಡಿಸುತ್ತಿರುವಾಗಲೇ ಮತ್ತೆ ಗಬ್ಬ ಕಟ್ಟುವ ಪ್ರಾಣಿ ಅದು. ಹಗಲು ತೀರ ಗಿಡ್ಡವಾಗುವ ಚಳಿ ದೇಶಗಳಲ್ಲಿ ಬೆದೆ ಕೆಲವು ತಿಂಗಳು ನಿಲ್ಲುತ್ತದೆ. ನಮ್ಮ ಸೀಮೆಯಲ್ಲಿ ಅಂಥ ಬಿಡುವು ಕಮ್ಮಿ. ಹೀಗಾಗಿ ವರ್ಷಕ್ಕೆ ಎರಡು ಮೂರು ಸೂಲು ಅಂತ ಇಟ್ಟುಕೊಳ್ಳಿ. ಹಾಗಾದರೆ ಊರು ತುಂಬ ಬೆಕ್ಕೇ ಇರಬೇಕಿತ್ತಲ್ಲ, ಯಾಕಿಲ್ಲ? ಹುಟ್ಟಿದ್ದರಲ್ಲಿ ಬಹುಪಾಲು ಸಾಯುತ್ತವೆ. ಅಮೆರಿಕದ ನಾರ್ತ್ ಕರೊಲಿನಾದಲ್ಲಿ ಬೀದಿ ಬೆಕ್ಕಿನ ಮರಿಗಳನ್ನು ಹಿಂಬಾಲಿಸಿ ನೋಡಿದ ಅಧ್ಯಯನವೊಂದು 2004ರಲ್ಲಿ ಬಂತು. ನಾಲ್ಕರಲ್ಲಿ ಮೂರು ಮರಿಗಳು ಆರು ತಿಂಗಳು ತುಂಬುವ ಮೊದಲೇ ಸತ್ತಿದ್ದವು, ಇಲ್ಲವೇ ಕಾಣೆಯಾಗಿದ್ದವು. ನಮ್ಮಲ್ಲಿ ಅವು ಸಾಯುವುದು ಆಟೋ ಚಕ್ರಕ್ಕೆ, ನಾಯಿ ಬಾಯಿಗೆ, ಭೇದಿಗೆ. ‘ಸಂತಾನ ತಡೆಯುವುದು ಪಾಪ ಅಲ್ಲವಾ ತಾತ’ ಅಂತ ನಿಮ್ಮಲ್ಲೊಬ್ಬಳು ಕೇಳಿದಳಂತೆ. ನೋಡಮ್ಮ, ಹೋರಿಗೆ ಬೀಜ ಒಡೆಸಿ ನೇಗಿಲಿಗೆ ಕಟ್ಟಿದ ಜನ ನಾವು. ಆಗ ಬಾರದ ಪಾಪದ ಮಾತು ಬೆಕ್ಕಿನ ಹತ್ತಿರ ಬರಬೇಕಾಗಿಲ್ಲ. ಸಾಯಲೆಂದೇ ಹುಟ್ಟುವ ಮರಿಗಳನ್ನು ಹುಟ್ಟದಂತೆ ನೋಡಿಕೊಳ್ಳುವುದರಲ್ಲಿ ಪಾಪ ಇದ್ದರೆ ಅದನ್ನು ನನ್ನ ತಲೆಗೆ ಕಟ್ಟಿ.

ಬೆಕ್ಕು ಕಮ್ಮಿ ಮಾಡಲು ಹಳೆಯ ದಾರಿ ಒಂದಿದೆ, ನಿಮಗೂ ಗೊತ್ತು. ಗೋಣಿಚೀಲಕ್ಕೆ ತುಂಬಿ ಬಾಯಿ ಕಟ್ಟಿ ಊರಾಚೆಗೋ ಪೆನ್ನೆ ದಂಡೆಗೋ ಬಿಟ್ಟು ಬರುವುದು. ಬಿಟ್ಟವರು ಕೈ ತೊಳೆದುಕೊಳ್ಳುತ್ತಾರೆ. ಬೆಕ್ಕಿಗೆ ಅಲ್ಲಿ ನೀರೆಲ್ಲಿ, ಅಡಗಲು ಮೂಲೆಯೆಲ್ಲಿ ಒಂದೂ ಗೊತ್ತಿರುವುದಿಲ್ಲ. ಬದುಕಿದ್ದು ವಾಪಸ್ ಬರುತ್ತದೆ. ಬರಲಾರದ್ದರ ಜಾಗಕ್ಕೆ ಪಕ್ಕದ ಬೀದಿಯ ಬೆಕ್ಕು ಬಂದು ಕೂರುತ್ತದೆ, ಯಾಕೆಂದರೆ ಇಲಿ ಮತ್ತು ಎಂಜಲು ಎರಡೂ ಅಲ್ಲೇ ಇವೆ. ಹೀಗೆ ಬಿಟ್ಟು ಬರುವುದು ಕಾನೂನಿಗೂ ವಿರುದ್ಧ. 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯ 11ನೇ ಸೆಕ್ಷನ್ ಪ್ರಕಾರ ಯಾವುದೇ ಪ್ರಾಣಿಯನ್ನು ಹಸಿವು ಬಾಯಾರಿಕೆಗೆ ಬಿಟ್ಟು ಹೋಗುವುದು ಅಪರಾಧ. ಮೊದಲ ಸಲದ ದಂಡ ಹತ್ತರಿಂದ ಐವತ್ತು ರೂಪಾಯಿ, ಒಂದು ಊಟದ ಬೆಲೆಯೂ ಇಲ್ಲ. ವಿಷ ಇಟ್ಟು ಕೊಂದರೆ ಮಾತ್ರ ಹಗುರವಾಗಿ ಬಿಡುವುದಿಲ್ಲ. ಭಾರತೀಯ ನ್ಯಾಯ ಸಂಹಿತೆಯ 325ನೇ ಸೆಕ್ಷನ್ ಐದು ವರ್ಷದವರೆಗೆ ಜೈಲು ಹೇಳುತ್ತದೆ. ಇದನ್ನು ಯಾರಿಗೂ ಬೆದರಿಕೆಯಾಗಿ ಹೇಳಬೇಡಿ, ತಿಳಿದಿರಲಿ ಅಷ್ಟೇ.

ಇನ್ನು ಹೊಸ ದಾರಿ. ಬೆಕ್ಕನ್ನು ಹಿಡಿದು, ಮರಿಯಾಗದಂತೆ ಆಪರೇಷನ್ ಮಾಡಿಸಿ, ರೇಬೀಸ್ ಲಸಿಕೆ ಹಾಕಿಸಿ, ಹಿಡಿದ ಜಾಗಕ್ಕೇ ತಂದು ಬಿಡುವುದು. ಮತ್ತೊಮ್ಮೆ ಅದನ್ನೇ ಹಿಡಿಯದಿರಲೆಂದು, ಮತ್ತಿನಲ್ಲಿರುವಾಗಲೇ ಎಡಗಿವಿಯ ತುದಿಯನ್ನು ಸುಮಾರು ಒಂದು ಸೆಂಟಿಮೀಟರ್ ನೇರವಾಗಿ ಕತ್ತರಿಸುತ್ತಾರೆ. ದೂರದಿಂದಲೇ ಗುರುತು ಸಿಗುತ್ತದೆ. ನಮ್ಮ ದೇಶದಲ್ಲಿ ಈ ವಿಚಾರ ನಾಯಿಗಳಿಂದ ಶುರುವಾಯಿತು. ಚೆನ್ನೈನ ಬ್ಲೂ ಕ್ರಾಸ್ ಸಂಸ್ಥೆ 1964ರಲ್ಲೇ ಬೀದಿನಾಯಿಗಳ ಸಂತಾನ ನಿಯಂತ್ರಣಕ್ಕೆ ಕೈಹಾಕಿತ್ತು. ಕೇಂದ್ರ ಸರ್ಕಾರ 2001ರಲ್ಲಿ ಮಾಡಿದ ನಿಯಮದ ಹೆಸರಿನಲ್ಲೇ ನಾಯಿ ಇತ್ತು. 2023ರ ಮಾರ್ಚ್‌ನಲ್ಲಿ ಬಂದ ಹೊಸ ನಿಯಮಕ್ಕೆ ಪ್ರಾಣಿ ಸಂತಾನ ನಿಯಂತ್ರಣ ನಿಯಮ ಅಂತಲೇ ಹೆಸರು. ಆದರೂ ಪುರಸಭೆಯ ದುಡ್ಡು, ವ್ಯಾನು ಮೊದಲು ಹೋಗುವುದು ನಾಯಿಯ ಕಡೆಗೆ. ನಾಯಿ ಕಚ್ಚಿದರೆ ಅರ್ಜಿ ಬೀಳುತ್ತದೆ. ಬೆಕ್ಕು ರಾತ್ರಿಯೆಲ್ಲ ಕಿರುಚಾಡಿದರೆ ಜನ ನೀರು ಎರಚಿ ಸುಮ್ಮನಾಗುತ್ತಾರೆ. ಹಾಗಾಗಿ ಬೆಕ್ಕಿನ ಕೆಲಸ ಎಲ್ಲ ಊರಲ್ಲೂ ನಿಮ್ಮಂಥವರ ಹೆಗಲಿಗೇ ಬಿದ್ದಿದೆ.

ನನ್ನ ಮುಖ್ಯ ಮಾತು ಇಲ್ಲಿದೆ, ಕಿವಿಗೊಟ್ಟು ಕೇಳಿ. ಊರೆಲ್ಲ ಓಡಾಡಿ ಅಲ್ಲೊಂದು ಇಲ್ಲೊಂದು ಬೆಕ್ಕು ಹಿಡಿಯಬೇಡಿ. ಒಂದು ಬೀದಿ ಹಿಡಿಯಿರಿ, ಅದನ್ನು ಮುಗಿಸಿ, ಆಮೇಲೆ ಪಕ್ಕದ ಬೀದಿ. ಅಮೆರಿಕದಲ್ಲಿ ಎರಡೂ ರೀತಿ ಮಾಡಿ ನೋಡಿದ್ದಾರೆ. ಸ್ಯಾನ್ ಡಿಯಾಗೊ, ಅಲಾಚುವಾ ಎಂಬ ಎರಡು ಕೌಂಟಿಗಳ ಉದ್ದಗಲಕ್ಕೂ ವರ್ಷಗಟ್ಟಲೆ ಸಾವಿರಾರು ಬೆಕ್ಕುಗಳಿಗೆ ಆಪರೇಷನ್ ಮಾಡಿಸಿದರು. 2005ರಲ್ಲಿ ಲೆಕ್ಕ ಹಾಕಿ ನೋಡಿದರೆ ಸಂಖ್ಯೆ ಇಳಿದ ಗುರುತೇ ಇಲ್ಲ. ನೂರಕ್ಕೆ ಎಪ್ಪತ್ತಕ್ಕಿಂತ ಹೆಚ್ಚು ಬೆಕ್ಕುಗಳಿಗೆ ಆಪರೇಷನ್ ಆಗದೆ ಸಂಖ್ಯೆ ಇಳಿಯುವುದಿಲ್ಲ ಅಂತ ಆ ಲೆಕ್ಕ ಹೇಳಿತು. ಫ್ಲೋರಿಡಾದ ಒಂದು ವಿಶ್ವವಿದ್ಯಾಲಯದವರು ತಮ್ಮ ಕ್ಯಾಂಪಸ್ ಒಂದನ್ನೇ ಹಿಡಿದು 1991ರಿಂದ ಹನ್ನೊಂದು ವರ್ಷ ಬಿಡದೆ ಮಾಡಿದರು. ಒಟ್ಟು 155 ಬೆಕ್ಕು. ಹೆಚ್ಚುಕಡಿಮೆ ಅರ್ಧದಷ್ಟಕ್ಕೆ ಮನೆ ಸಿಕ್ಕಿತು. 1995ರ ಮೇಲೆ ಅಲ್ಲಿ ಮರಿಯೇ ಹುಟ್ಟಲಿಲ್ಲ. 1996ರಲ್ಲಿ 68 ಇದ್ದದ್ದು 2002ಕ್ಕೆ 23ಕ್ಕೆ ಬಂತು. ಮೊದಲಿನವರು ಮಾಡಿದ್ದು ಸಾವಿರಗಟ್ಟಲೆ, ಫಲ ಸಿಕ್ಕಿದ್ದು ನೂರೈವತ್ತು ಮಾಡಿದವರಿಗೆ. ಹೊಸ ಬೆಕ್ಕು ಬಂದರೆ ಗುರುತಿಸುವಷ್ಟು ಚಿಕ್ಕ ಜಾಗ ಅದು, ಎಲ್ಲವನ್ನೂ ಬರೆದಿಟ್ಟಿದ್ದರು ಬೇರೆ.

ಆ ನೋಟ್‌ಬುಕ್ಕಿನಲ್ಲಿ ಏನು ಬರೆಯಬೇಕು? ಬೆಕ್ಕಿನ ಬಣ್ಣ, ಗಂಡೋ ಹೆಣ್ಣೋ, ಕಾಣುವ ಹೊತ್ತು, ಯಾರ ಮನೆ ಹಿತ್ತಲು, ಅನ್ನ ಹಾಕುವವರು ಯಾರು, ಕಿವಿ ಕತ್ತರಿಸಿದೆಯೋ ಇಲ್ಲವೋ. ಮೂರು ಬಣ್ಣ ಕಲೆತ ಬೆಕ್ಕು ಕಂಡರೆ ಬಾಲ ಎತ್ತಿ ನೋಡುವುದೇನೂ ಬೇಡ, ಅದು ಹೆಣ್ಣೇ; ಗಂಡಿನಲ್ಲಿ ಆ ಬಣ್ಣ ಬರುವುದು ಅಪರೂಪದಲ್ಲಿ ಅಪರೂಪ. ಕೆಂಚು ಬೆಕ್ಕುಗಳಲ್ಲಿ ಗಂಡೇ ಜಾಸ್ತಿ. ಬೀದಿಯ ಲೆಕ್ಕ ಪೂರ್ತಿ ಆದಮೇಲೆ ಬೋನು ಹೂಡಿ, ಮೊದಲು ಹೆಣ್ಣುಗಳಿಗೆ.

ಬೋನು ಹೂಡುವುದರಲ್ಲಿ ಅರ್ಧ ಕೆಲಸ ಕಾಯುವುದು. ಒಂದು ವಾರ ಮುಂಚಿನಿಂದ ಒಂದೇ ಜಾಗದಲ್ಲಿ ಒಂದೇ ಹೊತ್ತಿಗೆ ಊಟ ಇಡಿ. ಬೋನು ಇಡುವ ಹಿಂದಿನ ದಿನ ಊಟ ಇಡಬೇಡಿ. ಅನ್ನ ಹಾಕುವ ಅಜ್ಜಿಯನ್ನೂ ಒಪ್ಪಿಸಬೇಕು, ಅದೇ ಕಷ್ಟದ ಕೆಲಸ. ಹಳೇ ಪೇಪರು ಹಾಸಿ, ಒಳಗಿನ ತುದಿಯಲ್ಲಿ ಒಣಮೀನು ಇಡಿ. ಬೆಕ್ಕು ಬಂದ ತಕ್ಷಣ ನುಗ್ಗುವುದಿಲ್ಲ. ಸುತ್ತು ಹಾಕುತ್ತದೆ, ತಲೆ ಒಳಗಿಟ್ಟು ಹಿಂದೆ ತೆಗೆಯುತ್ತದೆ, ಮೀನಿನ ವಾಸನೆ ಬರುವ ಹಿಂಬದಿಯಿಂದ ಕಂಬಿಗೆ ಪಂಜ ಹಾಕಿ ನೋಡುತ್ತದೆ. ಕೊನೆಗೆ ಹೊಟ್ಟೆ ನೆಲಕ್ಕೆ ತಾಗುವಷ್ಟು ಬಗ್ಗಿ ಒಳಗೆ ಹೆಜ್ಜೆ ಇಡುತ್ತದೆ. ಆಗ ನಿಮ್ಮಲ್ಲೊಬ್ಬರ ಮೊಬೈಲ್ ಕೂಗಿದರೆ ಆ ದಿನ ಮುಗಿಯಿತು. ಬಾಗಿಲು ಬಿದ್ದ ಕೂಡಲೇ ಹುಚ್ಚು ಹಿಡಿದ ಹಾಗೆ ತಲೆ ಚಚ್ಚಿಕೊಳ್ಳುತ್ತದೆ. ದಪ್ಪ ಬಟ್ಟೆ ಹೊದಿಸಿ ಕತ್ತಲು ಮಾಡಿದರೆ ಎರಡು ನಿಮಿಷಕ್ಕೆ ತಣ್ಣಗಾಗುತ್ತದೆ. ಹೊಟ್ಟೆ ನೋಡಿ. ಮೊಲೆ ಸುತ್ತ ಕೂದಲು ಉದುರಿ ಒದ್ದೆಯಾಗಿದ್ದರೆ ಎಲ್ಲೋ ಮರಿ ಇವೆ ಅಂತ ಅರ್ಥ. ಬಿಟ್ಟುಬಿಡಿ, ಮರಿ ಊಟ ಕಲಿತ ಮೇಲೆ ತಾಯಿ ಮರಿ ಎಲ್ಲವನ್ನೂ ಹಿಡಿಯಿರಿ. ಗಂಡುಬೆಕ್ಕನ್ನು ಬರಿಗೈಯಲ್ಲಿ ಹಿಡಿದು ಶೌರ್ಯ ತೋರಿಸುವುದು ಯಾರಿಗೂ ಬೇಡ.

ಡಾಕ್ಟರ ಹತ್ತಿರ ಮೊದಲೇ ಮಾತಾಡಿ ದಿನ ಗೊತ್ತುಮಾಡಿಕೊಳ್ಳಿ. ನಮ್ಮ ಕಡೆ ದನ, ಕುರಿ, ಮೇಕೆಯಲ್ಲಿ ಪಳಗಿದ ಕೈಗಳು ಹೆಚ್ಚು. ಬೆಕ್ಕಿನ ಆಪರೇಷನ್ ಮಾಡಿ ಅಭ್ಯಾಸ ಇದೆಯಾ ಅಂತ ವಿನಯವಾಗಿ ಕೇಳುವುದರಲ್ಲಿ ಅವಮಾನ ಏನಿಲ್ಲ. ಪುಟ್ಟಪರ್ತಿಯಲ್ಲಿ ಕರುಣಾ ಸೊಸೈಟಿ ಇದೆ. ಹಾಲೆಂಡಿನಿಂದ ಬಂದ ಕ್ಲೆಮೆಂಟೀನ್ ಪಾವ್ಸ್ 2000ದಲ್ಲಿ ಶುರುಮಾಡಿದ್ದು. ಹಸುಗಳ ಹೊಟ್ಟೆಯಿಂದ ತೆಗೆದ ಪ್ಲಾಸ್ಟಿಕ್ಕನ್ನು ದಾಖಲೆ ಮಾಡಿ 2012ರಲ್ಲಿ ಸುಪ್ರೀಂ ಕೋರ್ಟಿನವರೆಗೆ ಹೋದವರು ಅವರು. ಬರೆದಿಟ್ಟ ಲೆಕ್ಕಕ್ಕೆ ಎಷ್ಟು ಬಲ ಅಂತ ಅಲ್ಲಿ ಹೋಗಿ ಕಲಿಯಬಹುದು. ಬೆಂಗಳೂರಿಗೆ ಹೋದರೆ 1991ರಿಂದ ಇರುವ ಕ್ಯೂಪಾದಂಥ ಸಂಸ್ಥೆಗಳಿವೆ. ಬರೀ ಕೈಮುಗಿದುಕೊಂಡು ಹೋಗಬೇಡಿ, ನಿಮ್ಮ ಬೀದಿಯ ಪಟ್ಟಿ ಹಿಡಿದುಕೊಂಡು ಹೋಗಿ. ಜಿಲ್ಲೆಗೊಂದು ಪ್ರಾಣಿ ಹಿಂಸೆ ತಡೆ ಸಂಘ ಇರಬೇಕೆಂದು 2001ರಲ್ಲೇ ಬಂದ ಇನ್ನೊಂದು ನಿಯಮ ಹೇಳುತ್ತದೆ. 2022ರ ಏಪ್ರಿಲ್‌ನಿಂದ ಹಿಂದೂಪುರ ಶ್ರೀ ಸತ್ಯಸಾಯಿ ಜಿಲ್ಲೆಗೆ ಸೇರಿದೆ, ಕಲ್ಯಾಣದುರ್ಗ ಅನಂತಪುರದಲ್ಲೇ ಉಳಿದಿದೆ. ಹಾಗಾಗಿ ನಿಮ್ಮ ಅರ್ಜಿ ಪುಟ್ಟಪರ್ತಿಗೆ, ಕಲ್ಯಾಣದುರ್ಗದಲ್ಲಿ ಗೆಳೆಯರಿದ್ದರೆ ಅವರದು ಅನಂತಪುರಕ್ಕೆ.

ಆಪರೇಷನ್ ದಿನ ಒಳಗೆ ನಿಂತರೆ ಒಂದು ವಿಷಯಕ್ಕೆ ಗಾಬರಿಯಾಗುತ್ತೀರಿ. ಕೆಟಮಿನ್ ಎಂಬ ಮತ್ತಿನ ಔಷಧಿ ಕೊಟ್ಟ ಬೆಕ್ಕು ಕಣ್ಣು ಮುಚ್ಚುವುದಿಲ್ಲ. ಕಪ್ಪು ಪಾಪೆ ಅಗಲವಾಗಿ ತೆರೆದು ನಿಮ್ಮನ್ನೇ ದಿಟ್ಟಿಸುತ್ತಿರುತ್ತದೆ. ಅದಕ್ಕೆ ಏನೂ ಕಾಣುವುದಿಲ್ಲ, ನೋವೂ ಗೊತ್ತಾಗುವುದಿಲ್ಲ. ಕಣ್ಣು ಒಣಗದಿರಲೆಂದು ಮುಲಾಮು ಹಚ್ಚುತ್ತಾರೆ. ನಿಮ್ಮ ಕೆಲಸ ಆಮೇಲೆ ಶುರು. ಮೈ ಬಿಸಿ ಇಳಿಯುತ್ತದೆ, ಆದ್ದರಿಂದ ಬರೀ ಸಿಮೆಂಟ್ ನೆಲದ ಮೇಲೆ ಮಲಗಿಸಬೇಡಿ. ಬಾಟಲಿಗೆ ಬಿಸಿನೀರು ತುಂಬಿ ಬಟ್ಟೆ ಸುತ್ತಿ ಪಕ್ಕದಲ್ಲಿಡಿ. ಪೂರ್ತಿ ಎಚ್ಚರ ಆಗುವ ಮುಂಚೆ ಹಾಲು ನೀರು ಏನೂ ಕುಡಿಸಬೇಡಿ, ಶ್ವಾಸಕ್ಕೆ ಹೋಗುತ್ತದೆ. ಗಂಡನ್ನು ಒಂದು ದಿನ, ಹೆಣ್ಣನ್ನು ಎರಡು ಮೂರು ದಿನ ಇಟ್ಟುಕೊಂಡು, ಊಟ ಮಾಡಿ ಗಾಯ ಒಣಗಿದ್ದು ನೋಡಿ, ಹಿಡಿದ ಜಾಗದಲ್ಲೇ ಬಿಡಿ. ಮಂಡಿಯವರಿಗೆ ಧೈರ್ಯ ಹೇಳಿ: ಆಪರೇಷನ್ ಆದ ಬೆಕ್ಕೂ ಇಲಿ ಹಿಡಿಯುತ್ತದೆ. ನಿಲ್ಲುವುದು ರಾತ್ರಿಯ ಕೂಗಾಟ, ಗಂಡುಗಳ ಜಗಳ, ಗೋಡೆಗೆ ಹೊಡೆಯುವ ಆ ನಾತ.

ಜನರ ಜೊತೆ ನಡೆದುಕೊಳ್ಳುವುದು ಬೆಕ್ಕು ಹಿಡಿಯುವುದಕ್ಕಿಂತ ನಾಜೂಕು. ನಮ್ಮದು ಒಂದೇ ಓಣಿಯಲ್ಲಿ ಕನ್ನಡ, ತೆಲುಗು, ಉರ್ದು ಮೂರೂ ಕೇಳುವ ಊರು. ಯಾರ ಮನೆಗೆ ಯಾವ ಮಾತೋ ಅದನ್ನು ಆಡುವವರನ್ನೇ ಮುಂದೆ ಕಳಿಸಿ. ಮಾಂಸದಂಗಡಿಯವರನ್ನು ದೂರ ಇಡಬೇಡಿ, ಬೀದಿಯ ಪ್ರತಿ ಬೆಕ್ಕಿನ ಗುರುತು ಅವರಿಗಿರುತ್ತದೆ. ದೂರು ಹೇಳುವವರ ಮೇಲೆ ರೇಗಬೇಡಿ. ಬೇಳೆ ಒಣಗಿಸಿದ ಚಾಪೆ ಮೇಲೆ ಬೆಕ್ಕು ಗಲೀಜು ಮಾಡಿದರೆ ಯಾರಿಗಾದರೂ ಸಿಟ್ಟು ಬರುತ್ತದೆ. ಅವರ ಹೆಸರನ್ನೂ ಬರೆದುಕೊಂಡು, ಆ ಬೀದಿಯನ್ನೇ ಮೊದಲು ಎತ್ತಿಕೊಳ್ಳಿ. ಊರ ಜನ ಮನಸ್ಸು ಮಾಡಿದರೆ ಏನಾಗುತ್ತದೆ ಅಂತ ನೋಡಲು ದೂರ ಹೋಗಬೇಕಾಗಿಲ್ಲ. ಚಿಲಮತ್ತೂರು ಮಂಡಲದ ವೀರಾಪುರಕ್ಕೆ ವರ್ಷವರ್ಷ ಬಣ್ಣದ ಕೊಕ್ಕರೆಗಳು ಬಂದು ಗೂಡು ಕಟ್ಟುತ್ತವೆ, ಹಳ್ಳಿಯವರು ಅವನ್ನು ಮನೆಮಕ್ಕಳಂತೆ ಕಾಯುತ್ತಾರೆ. ಮಂಡ್ಯ ಜಿಲ್ಲೆಯ ಬೆಕ್ಕಳಲೆಯಲ್ಲಿ ಬೆಕ್ಕನ್ನು ಮಂಗಮ್ಮ ದೇವಿಯ ರೂಪವೆಂದು ಪೂಜಿಸುವ ಗುಡಿಗಳೇ ಇವೆ. ಹಾಗೆಂದು ಬೆಕ್ಕು ಪ್ರೀತಿಯಲ್ಲಿ ಹಕ್ಕಿಗಳನ್ನು ಮರೆಯಬೇಡಿ. ಕೊಕ್ಕರೆ ಊರಿಗಾಗಲೀ ಕೆರೆ ಅಂಗಳಕ್ಕಾಗಲೀ ಒಂದು ಬೆಕ್ಕನ್ನೂ ತಗೊಂಡುಹೋಗಿ ಬಿಡಕೂಡದು.

ಮನೆ ಹುಡುಕುವ ಕೆಲಸ ಮರಿಗಳಿಗೆ ಮತ್ತು ಮನುಷ್ಯರಿಗೆ ಒಗ್ಗಿದ ದೊಡ್ಡವುಗಳಿಗೆ ಮಾತ್ರ. ಮರಿ ಮನುಷ್ಯರ ಕೈ ಒಗ್ಗಿಸಿಕೊಳ್ಳುವುದು ಎರಡನೇ ವಾರದಿಂದ ಏಳೆಂಟನೇ ವಾರದ ಒಳಗೆ. ಆ ಕಾಲ ದಾಟಿ ಬೀದಿಯಲ್ಲೇ ಕಾಡಾಗಿ ಬೆಳೆದದ್ದನ್ನು ಮನೆಯೊಳಗೆ ಕೂಡಿಹಾಕಿದರೆ ಅದಕ್ಕೆ ಅದು ಸೆರೆಮನೆ. ಎಂಟು ವಾರ ತುಂಬುವ ಮುಂಚೆ ತಾಯಿಯಿಂದ ಬಿಡಿಸಬೇಡಿ. ಯಾರಾದರೂ ಮರಿ ಕೇಳಿದರೆ ಮನೆಗೆ ಹೋಗಿ ನೋಡಿ ಬನ್ನಿ. ಮನೆಯ ಹಿರಿಯರು ಒಪ್ಪಿದ್ದಾರಾ, ಬಾಡಿಗೆ ಮನೆಯಾದರೆ ಮಾಲೀಕರು ಒಪ್ಪಿದ್ದಾರಾ, ಆಪರೇಷನ್ ಮಾಡಿಸುವುದು ಯಾರು ಅಂತ ಕೇಳಿ. ಸಸ್ಯಾಹಾರಿಗಳ ಮನೆಯಾದರೆ ಒಂದು ಮಾತು ಬಿಚ್ಚಿ ಹೇಳಿಬಿಡಿ: ಬರೀ ಮೊಸರನ್ನದಲ್ಲಿ ಬೆಕ್ಕು ಬಾಳುವುದಿಲ್ಲ. ಟಾರಿನ್ ಎನ್ನುವ ಸತ್ವ ಅದಕ್ಕೆ ಮಾಂಸದಿಂದಲೇ ಬರಬೇಕು, ಇಲ್ಲದಿದ್ದರೆ ಕಣ್ಣು ಹೋಗುತ್ತದೆ, ಹೃದಯ ಸೋಲುತ್ತದೆ. ಮಾಂಸ ಮುಟ್ಟಲು ಇಷ್ಟವಿಲ್ಲದವರು ಪ್ಯಾಕೆಟ್ಟಿನ ಬೆಕ್ಕಿನ ಆಹಾರ ಹಾಕಲಿ, ಅದೂ ಆಗದಿದ್ದರೆ ಮರಿ ಬೇರೆ ಮನೆಗೆ ಹೋಗಲಿ. ದೊಡ್ಡ ಬೆಕ್ಕುಗಳಲ್ಲಿ ಬಹಳಷ್ಟಕ್ಕೆ ಹಸುವಿನ ಹಾಲೂ ಜೀರ್ಣವಾಗುವುದಿಲ್ಲ. ಕರಿ ಬೆಕ್ಕು ಅಡ್ಡ ಬಂದರೆ ಅಪಶಕುನ ಅನ್ನುವವರ ಹತ್ತಿರ ವಾದಕ್ಕೆ ನಿಲ್ಲಬೇಡಿ, ಕರಿ ಮರಿಯನ್ನು ಅವರಿಗೆ ಕೊಡದಿದ್ದರಾಯಿತು.

ಔಷಧದ ವಿಷಯದಲ್ಲಿ ಕಾಂಪೌಂಡರನ ಮಾತು ಮೀರಬೇಡಿ. ಜ್ವರ ಅಂತ ಬೆಕ್ಕಿಗೆ ಪ್ಯಾರಾಸಿಟಮಾಲ್ ಕೊಡಬಾರದು. ಮನುಷ್ಯರ ಒಂದು ಮಾತ್ರೆ ಅದರ ಪ್ರಾಣ ತೆಗೆಯುತ್ತದೆ. ನಾಯಿಗೆ ಹಾಕುವ ಉಣ್ಣೆ ಔಷಧಿಯನ್ನು ಡಾಕ್ಟರನ್ನು ಕೇಳದೆ ಬೆಕ್ಕಿಗೆ ಹಚ್ಚಬಾರದು. ಬೋನು ತೊಳೆದ ಫಿನಾಯಿಲ್ ಅದರ ಪಂಜದಿಂದ ಬಾಯಿಗೆ ಹೋದರೂ ವಿಷವೇ. ಇನ್ನು ನಿಮ್ಮ ಮೈ. ಬೆಕ್ಕು ಕಚ್ಚಿದರೆ, ರಕ್ತ ಬರುವ ಹಾಗೆ ಪರಚಿದರೆ ಅರಿಸಿನ ಮೆತ್ತಿ ಕೂರಬೇಡಿ. ಸೋಪು ಹಾಕಿ ಹರಿಯುವ ನೀರಿನಲ್ಲಿ ಹದಿನೈದು ನಿಮಿಷ ತೊಳೆದು ಅದೇ ದಿನ ಸರ್ಕಾರಿ ಆಸ್ಪತ್ರೆಗೆ ಹೋಗಿ. ರೇಬೀಸ್ ಬೆಕ್ಕಿನಿಂದಲೂ ಬರುತ್ತದೆ, ಬಂದಮೇಲೆ ಮದ್ದಿಲ್ಲ. ಬೋನು ಹಿಡಿಯುವವರು ಮುಂಚೆಯೇ ಲಸಿಕೆ ಹಾಕಿಸಿಕೊಳ್ಳುವ ಬಗ್ಗೆ ಡಾಕ್ಟರನ್ನು ಕೇಳಿ. ಪ್ರತಿ ವರ್ಷ ಜುಲೈ 6ರಂದು ಪಶು ಆಸ್ಪತ್ರೆಗಳಲ್ಲಿ ಉಚಿತ ರೇಬೀಸ್ ಲಸಿಕೆ ಹಾಕುತ್ತಾರೆ. ಸಾಕಿದ ಬೆಕ್ಕುಗಳನ್ನು ಅಲ್ಲಿಗೆ ಕರೆತರುವಂತೆ ಬೀದಿಯವರಿಗೆ ವಾರ ಮುಂಚೆ ಹೇಳಿ.

ದುಡ್ಡು ಒಬ್ಬರ ಕೈಯಲ್ಲಿ, ಲೆಕ್ಕ ಇನ್ನೊಬ್ಬರ ಕೈಯಲ್ಲಿ ಇರಲಿ. ಬಂದದ್ದು ಹೋದದ್ದು ತಿಂಗಳಿಗೊಮ್ಮೆ ಕೊಟ್ಟವರಿಗೆಲ್ಲ ತೋರಿಸಿ. ಸಾಲ ಮಾಡಿ ಬೆಕ್ಕು ಉಳಿಸಬೇಡಿ. ಮನೆಯಲ್ಲಿ ಹತ್ತಾರು ಮರಿ ತುಂಬಿಕೊಂಡು ಅಪ್ಪ ಅಮ್ಮನ ಹತ್ತಿರ ಬೈಸಿಕೊಳ್ಳಬೇಡಿ. ಮರಿಗಳ ಫೋಟೋ ಹಾಕಿದರೆ ಲೈಕು ಬರುತ್ತದೆ. ಕಿವಿ ಕತ್ತರಿಸಿದ ಮುದಿ ಬೆಕ್ಕಿನ ಫೋಟೋಗೆ ಬರುವುದಿಲ್ಲ. ನಿಮ್ಮ ಕೆಲಸ ಸರಿಯಾಗಿ ನಡೆದರೆ ಆಗುವುದಿಷ್ಟೇ: ಮುಂದಿನ ವರ್ಷ ಆ ಬೀದಿಯಲ್ಲಿ ಮರಿ ಕಾಣುವುದಿಲ್ಲ. ಕಾಣದ್ದನ್ನು ಹೊಗಳುವವರು ಯಾರೂ ಇಲ್ಲ, ಅದಕ್ಕೆ ಈಗಲೇ ಮನಸ್ಸು ಗಟ್ಟಿ ಮಾಡಿಕೊಳ್ಳಿ.

ಕಡೆಗೊಂದು ಮಾತು. ಆಪರೇಷನ್ ಆಗಿ ಊಟ ಸಿಗುವ ಬೆಕ್ಕು ಹತ್ತು ವರ್ಷವೂ ಬದುಕೀತು. ನಿಮಗೆ ಅಷ್ಟು ದಿನ ಬಿಡುವಿರುವುದಿಲ್ಲ. ಒಬ್ಬರಿಗೆ ಬೆಂಗಳೂರಲ್ಲಿ ಕೆಲಸ ಸಿಗುತ್ತದೆ, ಒಬ್ಬಳಿಗೆ ಮದುವೆ ಗೊತ್ತಾಗುತ್ತದೆ, ಇನ್ನೊಬ್ಬರಿಗೆ ಸುಮ್ಮನೆ ಬೇಜಾರಾಗುತ್ತದೆ. ಅದರಲ್ಲಿ ತಪ್ಪೇನಿಲ್ಲ. ನಿಮ್ಮ ಬೀದಿಯಲ್ಲಿ ಒಂಬತ್ತನೇ ಕ್ಲಾಸೋ ಹತ್ತನೇ ಕ್ಲಾಸೋ ಓದುವ ಇಬ್ಬರನ್ನು ಈ ವರ್ಷವೇ ಜೊತೆಗೆ ಸೇರಿಸಿಕೊಳ್ಳಿ, ಬೋನು ಹೂಡುವುದು ಕಲಿಸಿ, ಡಾಕ್ಟರ ಪರಿಚಯ ಮಾಡಿಸಿ. ಸಾಕಾಯಿತು ಅನ್ನಿಸಿದ ದಿನ ಧಾರಾಳವಾಗಿ ಬಿಡಿ; ಆದರೆ ಇನ್ನೊಬ್ಬರ ಕೈಗೆ ಕೊಟ್ಟು ಬಿಡಿ.